ವಫ್ರಾದಲ್ಲೊಂದು ಹಗೇವು

ಬಾಳಾಸಾಹೇಬರು ಕಳ್ಳಬಟ್ಟಿ ಇಳಿಸುತ್ತಾರೆಂದು ನಾನು ಸುಮಾರು ಎರಡು ವರ್ಷ ನಂಬಿಕೊಂಡಿದ್ದೆ. ಬರೀ ನಂಬಿದ್ದಲ್ಲ, ಇಂಥದೊಂದು ಭಯಂಕರ ಗುಟ್ಟನ್ನು ಎದೆಯಲ್ಲಿಟ್ಟುಕೊಂಡೂ ಎಷ್ಟು ಸಹಜವಾಗಿ ಓಡಾಡುತ್ತಿದ್ದೇನೆ ಎಂದು ನನ್ನ ಬಗ್ಗೆಯೇ ಒಂದಿಷ್ಟು ಗೌರವ ಇಟ್ಟುಕೊಂಡಿದ್ದೆ.

ತಪ್ಪು ಪೂರ್ತಿ ನನ್ನದಲ್ಲ. ಕುವೈತಿನಲ್ಲಿ ಮದ್ಯ ನಿಷಿದ್ಧ. ಹಾಗಿರುವಾಗ ಒಬ್ಬ ಮನುಷ್ಯ ಶುಕ್ರವಾರ ಬಂತೆಂದರೆ ಸೌದಿ ಗಡಿಯ ಕಡೆಗಿರುವ ವಫ್ರಾದ ತೋಟಕ್ಕೆ ಒಬ್ಬನೇ ಹೋಗುತ್ತಾನೆ, ಮೈತುಂಬ ಮಣ್ಣು ಮಾಡಿಕೊಂಡು ಸಂಜೆ ಬರುತ್ತಾನೆ, ಏನು ಕೆಲಸವಿತ್ತು ಎಂದರೆ ನಕ್ಕು ಸುಮ್ಮನಾಗುತ್ತಾನೆ. ಅಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ನಾನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದೆ.

"ಅಲ್ಲಿ ಏನಿಟ್ಟಿದ್ದೀರಿ ಬಾಳಾಸಾಹೇಬ್ರೆ?"

"ನೆಲದಾಗ ಹುಗದ ಇಟ್ಟೀನ್ರಿ ಸರ. ಎರಡ ವರ್ಷಾತು. ಈಗ ಬಾಯಿ ತಗದ್ರ ತಲಿ ಗಿರ್ರಂತ ತಿರಗತೈತಿ. ಮನಷ್ಯಾ ನಿಂತಲ್ಲೇ ಬೀಳತಾನ."

"ಯಾವುದರದ್ದು?"

"ಜ್ವಾಳದ್ದರಿ," ಎಂದು ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಇನ್ನೇನು ಸಾಕ್ಷಿ ಬೇಕು? ನಾನಾಗ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಮೈಕು ಕೆಟ್ಟಾಗ ಎಲ್ಲರಿಂದ ಬೈಸಿಕೊಳ್ಳುವುದು ಬಿಟ್ಟರೆ ಆ ಹುದ್ದೆಗೆ ಬೇರೆ ಕೆಲಸವಿರಲಿಲ್ಲ. ಹೀಗಾಗಿ ಒಬ್ಬ ಕನ್ನಡಿಗನನ್ನು ಜೈಲಿನಿಂದ ತಪ್ಪಿಸುವ ಅವಕಾಶ ಬಂದದ್ದು ಒಳಗೊಳಗೇ ಖುಷಿ ಕೊಟ್ಟಿತು. ಎರಡು ಸಾವಿರದ ಒಂದರ ಒಂದು ಶುಕ್ರವಾರ ಬುದ್ಧಿ ಹೇಳಲು ಹೊರಟೆ. ಫಿಂಟಾಸಿನ ನನ್ನ ಮನೆಯಿಂದ ವಫ್ರಾಕ್ಕೆ ಕರೆದುಕೊಂಡು ಹೋದವರು ಕಾಸಿಂ ಕುಂಞಿ. ಉಳ್ಳಾಲದ ಕಡೆಯ ಬ್ಯಾರಿ. ಶುವೈಖ್‌ನಲ್ಲಿ ತರಕಾರಿ ಸಾಗಿಸುವ ಪಿಕಪ್ಪಿನ ಯಜಮಾನರೂ ಅವರೇ, ಡ್ರೈವರೂ ಅವರೇ.

"ನೀವು ಬುದ್ಧಿ ಹೇಳ್ಲಿಕ್ಕೆ ಹೋಗುದಾ, ರುಚಿ ನೋಡ್ಲಿಕ್ಕಾ?" ಎಂದು ದಾರಿಯಲ್ಲಿ ಕೇಳಿದರು.

"ಬುದ್ಧಿ ಹೇಳಲಿಕ್ಕೆ."

"ಹಾಗಾದ್ರೆ ಖಾಲಿ ಫ್ಲಾಸ್ಕ್ ಯಾಕೆ ತಂದದ್ದು ಮಾರಾಯ್ರೆ?"

ಅದಕ್ಕೆ ನಾನು ಕೊಟ್ಟ ಉತ್ತರ ಈಗ ನೆನಪಿಲ್ಲ.

ತೋಟದಲ್ಲಿ ಆರೆಂಟು ಖರ್ಜೂರದ ಮರ, ಕುರಿಗಳ ದೊಡ್ಡಿ, ಟೊಮೆಟೊ ಬೆಳೆಯುವ ಒಂದು ಪ್ಲಾಸ್ಟಿಕ್ ಮನೆ. ಎಲ್ಲಕ್ಕಿಂತ ದೂರದಲ್ಲಿ, ಮಣ್ಣು ಮೆತ್ತಿದ ಒಂದು ಕಲ್ಲುಚಪ್ಪಡಿ. ಅದರ ಪಕ್ಕದ ನೆರಳಲ್ಲಿ ಬಾಳಾಸಾಹೇಬರು ಕುಕ್ಕರಗಾಲಿನಲ್ಲಿ ಕುಳಿತು ಮಣ್ಣಿನ ಬಿರುಕುಗಳನ್ನು ಒದ್ದೆ ಕೈಯಿಂದ ಸವರಿ ಮುಚ್ಚುತ್ತಿದ್ದರು. ನಾನು ಸಂಘದ ಮಾನ, ನಾಡಿನ ಹೆಸರು, ಹೆಂಡತಿ ಮಕ್ಕಳ ಗತಿ ಎಂದು ಹತ್ತು ನಿಮಿಷ ಮಾತಾಡಿದೆ. ಅವರು ಕೈ ಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ ಕಾಸಿಂ ಕುಂಞಿಯ ಕಡೆ ತಿರುಗಿ, "ಸರ ಏನ ಹೇಳಾಕತ್ತಾರ್ರಿ ಭಾಯಿ?" ಎಂದರು.

"ನೀವು ಇಲ್ಲಿ ಸಾರಾಯಿ ಹೂತಿಟ್ಟಿದ್ದೀರಿ ಅಂತ ಹೇಳುದು ಅವರು."

ಬಾಳಾಸಾಹೇಬರು ಒಮ್ಮೆ ಚಪ್ಪಡಿಯನ್ನೂ ಒಮ್ಮೆ ನನ್ನ ಫ್ಲಾಸ್ಕನ್ನೂ ನೋಡಿದರು. "ಹಗೇವ ಐತ್ರಿ ಇದು," ಎಂದರು. "ಕಾಳ ಇಡೂದು."

ಉತ್ತರದ ಸೀಮೆಯವರಿಗೆ ಹಗೇವು ಎಂದರೆ ಬಿಡಿಸಿ ಹೇಳಬೇಕಿಲ್ಲ. ನನ್ನಂಥ ಕರಾವಳಿಯವನಿಗೆ ಅವರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಬೇಕಾಯಿತು. ಭೂಮಿಯೊಳಗೆ ಕೊಡದ ಆಕಾರದ ತಗ್ಗು: ಒಬ್ಬ ಮನುಷ್ಯ ಇಳಿಯುವಷ್ಟು ಕೊರಳು, ಕೆಳಗೆ ದೊಡ್ಡ ಹೊಟ್ಟೆ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಬೇಕು, ಸುತ್ತ ಹುಲ್ಲು ಒತ್ತಬೇಕು, ಜೋಳ ಸುರಿಯಬೇಕು, ಮತ್ತೆ ಹುಲ್ಲು, ಮೇಲೆ ಚಪ್ಪಡಿ, ಮಣ್ಣು. ಕಾಳು ಒಳಗಿನ ಗಾಳಿಯನ್ನೆಲ್ಲ ತಾನೇ ಉಸಿರಾಡಿ ಮುಗಿಸುತ್ತದೆ. ಆಮೇಲೆ ಹುಳ ಬದುಕುವುದಿಲ್ಲ. ಆತುರಪಟ್ಟು ಇಳಿದರೆ ಮನುಷ್ಯನೂ ಬದುಕುವುದಿಲ್ಲ. ತಲೆ ಗಿರ್ರನೆ ತಿರುಗುವ ಸಂಗತಿ ಅದು.

ಬಾಳಾಸಾಹೇಬರು ಹುಟ್ಟಿದ್ದು ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ. ಅವರ ಅಪ್ಪ ಹಗೇವಿಗೆ ಇಳಿಯುವವನು. ಊರಲ್ಲಿ ಯಾರ ಮನೆಯ ಹಗೇವು ತೆಗೆಯುವುದಿದ್ದರೂ ಮೊದಲು ಇಳಿಯುವುದು ಅವನೇ, ಕೊನೆಗೆ ಹತ್ತುವುದೂ ಅವನೇ. ಮಗ ಐ.ಟಿ.ಐ. ಓದಿ ತಂಪು ಯಂತ್ರಗಳ ರಿಪೇರಿ ಕಲಿತ. ತೊಂಬತ್ತೆರಡರಲ್ಲಿ, ಯುದ್ಧ ಮುಗಿದ ಕುವೈತು ಮತ್ತೆ ಕೆಲಸಗಾರರನ್ನು ಕರೆಯತೊಡಗಿದಾಗ, ಬಂದು ಶುವೈಖ್‌ನ ಒಂದು ಶೀತಲ ಗೋದಾಮಿನಲ್ಲಿ ಮೆಕ್ಯಾನಿಕ್ ಆದ. ವಾರದ ಆರು ದಿನ ಕರೆಂಟಿನ ತಂಪು ಕಾಯುವುದು, ಆಲೂಗಡ್ಡೆ ಕೊಳೆಯದಂತೆ ನೋಡುವುದು. ಏಳನೆಯ ದಿನ, "ಇದೇನ ಭರೋಸಾ ಇಲ್ಲದ ತಂಪರಿ, ಬಟನ್ ಒತ್ತಿದ್ರ ಬರತೈತಿ, ಒತ್ತಿದ್ರ ಹೊಕ್ಕೈತಿ," ಎನ್ನುತ್ತ ವಫ್ರಾಕ್ಕೆ ಹೋಗುವುದು.

ಗೋದಾಮಿನ ಒಡೆಯನೂ ತೋಟದ ಒಡೆಯನೂ ಒಬ್ಬನೇ, ಬಾಳಾಸಾಹೇಬರಿಗೆ ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್ ಅಬು ಫಹದ್. ಎಪ್ಪತ್ತು ದಾಟಿದ ಮುದುಕ. ಕುರಿಗಳ ಮೇವಿಗೆಂದು ತೋಟದಲ್ಲಿ ಜೋಳ ಬಿತ್ತುತ್ತಿದ್ದರು. ಬಾಳಾಸಾಹೇಬರು ರಜೆಗೆ ಹೋದಾಗ ತಾಯಿ ನಿಂಗವ್ವನಿಂದ ಎರಡು ಸೇರು ಮನೆಯ ಬಿಳಿಜೋಳ ತಂದು ಒಂದು ಮೂಲೆಯಲ್ಲಿ ಹಾಕಿದರು. ಅದು ಎದೆಯೆತ್ತರ ಬೆಳೆದು ತೆನೆ ಹಿಡಿಯಿತು. ಆಮೇಲೆ ಇಡುವ ಜಾಗದ ಪ್ರಶ್ನೆ ಬಂತು. ಮರಳಿನಲ್ಲಿ ತಗ್ಗು ತೋಡಿದರೆ ಬದಿ ಕುಸಿಯುತ್ತದೆಯಲ್ಲ ಎಂದು ಹೆದರುತ್ತಲೇ ಅಗೆದರೆ, ನಾಲ್ಕು ಅಡಿಯ ಕೆಳಗೆ ಹಾರೆ ಠಣ್ಣೆಂದಿತು. ಸುಣ್ಣದಂಥ ಗಟ್ಟಿ ಪದರ. ನೋಡಲು ಬಂದ ಅಬು ಫಹದ್, ಅದಕ್ಕೆ ಗಚ್ ಎನ್ನುತ್ತಾರೆಂದ. "ನಮ್ಮ ಗಚ್ಚ ಇಲ್ಲಿಗ್ಯಾವಾಗ ಬಂದಿತ್ತೊ ಏನೊ," ಎಂದು ಬಾಳಾಸಾಹೇಬರಿಗೆ ಧೈರ್ಯ ಬಂತು.

ಮುದುಕನಿಗೆ ಕನ್ನಡ ಬಾರದು, ಇವರ ಅರಬ್ಬಿ ಯಲ್ಲಾ ಮತ್ತು ಖಲಾಸ್‌ಗಳ ನಡುವೆ ಮುಗಿಯುವಂಥದು. ಆದರೂ ತಗ್ಗಿನ ಬಾಯಿಗೆ ಮುಖ ಹಿಡಿದು ಒಳಗಿನ ತಂಪು ತಾಗಿದಾಗ ಅವನು ಸಿರ್ದಾಬ್, ಸಿರ್ದಾಬ್ ಎಂದನಂತೆ. ಹಳೆಯ ಕುವೈತಿನ ಮನೆಗಳ ಕೆಳಗೆ ಇರುತ್ತಿದ್ದ ನೆಲಮನೆಯ ಹೆಸರು ಅದು. ಬೇಸಿಗೆಯ ಮಧ್ಯಾಹ್ನ ಮನೆಮಂದಿಯೆಲ್ಲ ಅಲ್ಲಿಗಿಳಿದು, ಮಣ್ಣಿನ ಹೂಜಿಗಳ ಪಕ್ಕದಲ್ಲಿ, ಅಜ್ಜಿಯ ಬೀಸಣಿಗೆಯ ಸದ್ದು ಕೇಳುತ್ತ ನಿದ್ದೆಹೋಗುತ್ತಿದ್ದರು. ಅವನ ಬಾಲ್ಯದ ಮನೆ ಇದ್ದದ್ದು ಮಿರ್ಕಾಬಿನಲ್ಲಿ. ಈಗ ಅಲ್ಲಿ ಕಟ್ಟಡಗಳು. ಅದರಲ್ಲೊಂದರ ಐದನೆಯ ಮಹಡಿಯಲ್ಲಿ ನನ್ನ ಕಚೇರಿ. ಇದನ್ನು ಕೇಳಿದಂದಿನಿಂದ ಊಟದ ನಂತರ ಮೇಜಿನ ಮುಂದೆ ನನಗೆ ತೂಕಡಿಕೆ ಬಂದರೆ ನಾನು ಮೊದಲಿನಷ್ಟು ನಾಚಿಕೊಳ್ಳುವುದಿಲ್ಲ. ಐದು ಮಹಡಿ ಕೆಳಗಿನ ಯಾರದೋ ಹಳೆಯ ನಿದ್ದೆ ಲಿಫ್ಟು ಹತ್ತಿ ಬಂದಿರಬೇಕು ಎಂದುಕೊಳ್ಳುತ್ತೇನೆ.

ತೊಂಬತ್ತೊಂಬತ್ತರ ವಸಂತದಲ್ಲಿ ಹತ್ತು ಚೀಲ ಜೋಳ ಹಗೇವಿಗೆ ಇಳಿಯಿತು. ಅದರ ನಡುವೆ, ಬೂದಿ ಕಲಸಿದ ಬೀಜದ ಕಾಳು ತುಂಬಿ ಬಾಯಿ ಕಟ್ಟಿದ ಒಂದು ಗಡಿಗೆ. ಮುಚ್ಚಿದ ಮೇಲೆ ಅಬು ಫಹದ್ ಶುಕ್ರವಾರದ ನಮಾಜು ಮುಗಿಸಿ ಬಂದು ಚಪ್ಪಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಇಬ್ಬರೂ ಮಾತಿಲ್ಲದೆ ಚಹಾ ಕುಡಿಯುತ್ತಿದ್ದರು. ದೂರದಲ್ಲಿ ಎಣ್ಣೆಬಾವಿಗಳ ಬೆಂಕಿ ಹಗಲ ಬೆಳಕಿನಲ್ಲಿ ಬಣ್ಣಗೆಟ್ಟು, ಯಾರೋ ಮರೆತುಹೋದ ದೀಪದಂತೆ ಆಡುತ್ತಿರುತ್ತಿತ್ತು.

ಅದೇ ಹೊತ್ತಿಗೆ ಕೃಷ್ಣೆಯ ಅಣೆಕಟ್ಟೆಯ ಹಿನ್ನೀರು ಬಾಳಾಸಾಹೇಬರ ಊರಿಗೆ ಏರಿತು. ಜನ ಗುಡ್ಡದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಹೋದರು. ಬಾಗಿಲು, ತೊಲೆ, ಒಳಕಲ್ಲು, ಬಸವಣ್ಣ ಎಲ್ಲ ಟ್ರ್ಯಾಕ್ಟರಿನಲ್ಲಿ ಹೋದವು. ಹಗೇವನ್ನು ಹೊತ್ತೊಯ್ಯುವುದು ಹೇಗೆ? ಬಾಳಾಸಾಹೇಬರಿಗೆ ಆಮೇಲೆ ಒಂದೇ ಕನಸು ಬೀಳುತ್ತಿತ್ತಂತೆ. ಊರ ಮೇಲೆ ನೀರು. ನೀರೊಳಗೆ ಓಣಿಗಳು ತಿಳಿಯಾಗಿ ಕಾಣುತ್ತವೆ. ಪ್ರತಿ ಅಂಗಳದಲ್ಲೂ ಹಗೇವುಗಳು ಬಾಯಿ ಮುಚ್ಚಿಕೊಂಡು, ಮುಳುಗು ಹಾಕಿದ ಹುಡುಗರ ಹಾಗೆ, ಉಸಿರು ಬಿಗಿಹಿಡಿದುಕೊಂಡಿವೆ. ಮೀನುಗಳು ಚಪ್ಪಡಿಯನ್ನು ಮೂಸಿ ಮುಂದೆ ಹೋಗುತ್ತವೆ. ಅವರು ಇದನ್ನು ಹೇಳುವಾಗ ಕಣ್ಣು ಅರೆಮುಚ್ಚಿರುತ್ತಿತ್ತು. "ಆಮ್ಯಾಲ?" ಎಂದರೆ, "ಆಮ್ಯಾಲೇನ್ರಿ, ಡ್ಯೂಟಿಗೆ ಎಚ್ಚರಾಗತೈತಿ," ಎನ್ನುತ್ತಿದ್ದರು.

ಹೊಸ ಜಾಗದಲ್ಲಿ ಬಾಳಾಸಾಹೇಬರ ತಮ್ಮ ಜೋಳ ಬಿಟ್ಟು ಕಬ್ಬಿಗೆ ಬಿದ್ದ. ನಿಂಗವ್ವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟ ಬೀಜದ ಜೋಳ ನುಸಿ ಹಿಡಿದು ಹಿಟ್ಟಾಯಿತು. ಕೊಂಡು ತಂದ ಜೋಳದ ರೊಟ್ಟಿ ಆಕೆಗೆ ರುಚಿಸಲಿಲ್ಲ. "ರಟ್ಟ ತಿಂದಂಗ ಆಗತೈತೊ ಬಾಳ್ಯಾ," ಎಂದು ಪ್ರತಿ ಫೋನಿನಲ್ಲೂ ಹೇಳುವಳು. ಅವರ ಮನೆಯ ಜೋಳ ಭೂಮಿಯ ಮೇಲೆ ಎಲ್ಲೂ ಉಳಿದಿರಲಿಲ್ಲ. ಭೂಮಿಯ ಕೆಳಗೆ ಉಳಿದಿದ್ದದ್ದು ವಫ್ರಾದ ಆ ಗಡಿಗೆಯಲ್ಲಿ ಮಾತ್ರ. ಅದೂ ಜೀವದಿಂದ ಇದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಹಗೇವಿನ ಕಾಳು ಉಣ್ಣಲಿಕ್ಕೇ ಹೊರತು ಬಿತ್ತಲಿಕ್ಕಲ್ಲ, ಕಾವಿಗೆ ಮೊಳಕೆ ಸಾಯುತ್ತದೆ ಎಂದು ಅವರ ಅಪ್ಪನೇ ಹೇಳುತ್ತಿದ್ದನಂತೆ.

ಎರಡು ಸಾವಿರದ ಮೂರರ ಕೊನೆಗೆ ಅಬು ಫಹದ್ ತೀರಿಕೊಂಡ. ಮಗ ಒಳ್ಳೆಯವನೇ, ಆದರೆ ಅವನಿಗೆ ತೋಟದಲ್ಲಿ ಈಜುಕೊಳ ಬೇಕಿತ್ತು. ಜನವರಿಯ ಒಂದು ಬುಧವಾರ ಬಾಳಾಸಾಹೇಬರು ನನ್ನ ಕಚೇರಿಗೆ ಬಂದು ನಿಂತೇ ಹೇಳಿದರು. "ಶನಿವಾರ ಮುಂಜಾನೆ ಜೆಸಿಬಿ ಬರತೈತ್ರಿ. ಶುಕ್ರವಾರ ಒಂದ ದಿನಾ ಐತಿ. ಹಗ್ಗಾ ಹಿಡ್ಯಾಕ ನಾಲ್ಕ ಮಂದಿ ಬೇಕು."

ನಾಲ್ಕು ಮಂದಿಯನ್ನು ಒದಗಿಸುವುದು ಸಂಘಕ್ಕೆ ಗೊತ್ತಿಲ್ಲದ ಕೆಲಸ. ನಾಲ್ವತ್ತಾದರೆ ಸುಲಭ. ನಾನು ಅಧ್ಯಕ್ಷ ಮೋನಪ್ಪನವರಿಗೆ ಫೋನು ಮಾಡಿದೆ. ಅವರು ಅದನ್ನು 'ಪರಂಪರೆಯ ಅನಾವರಣ' ಎಂಬ ಕಾರ್ಯಕ್ರಮ ಮಾಡಿದರು. ಶುಕ್ರವಾರ ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ ಒಂಬತ್ತು ಕಾರು, ಒಂದು ಬ್ಯಾನರು ಬಂದವು, ಉಪ್ಪಿಟ್ಟು ಬಂತು. ಖರ್ಜೂರದ ಮರದಿಂದ ಕಾಸಿಂ ಕುಂಞಿಯ ಪಿಕಪ್ಪಿನವರೆಗೆ ಕೆಂಪು ರಿಬ್ಬನು ಕಟ್ಟಲಾಯಿತು. ಮೋನಪ್ಪನವರು ಸೂಟು ಹಾಕಿದ್ದರು. ಮೊದಲು ತಾವೇ ಇಳಿದು ಒಂದು ಬೊಗಸೆ ಜೋಳ ಎತ್ತಿಕೊಂಡು ಬರುವುದೆಂದೂ, ಅದರ ಫೋಟೋ ಸ್ಮರಣ ಸಂಚಿಕೆಯ ಮುಖಪುಟಕ್ಕೆಂದೂ ನಿರ್ಧಾರವಾಗಿತ್ತು.

ಚಪ್ಪಡಿ ಸರಿಸಿದರು. ಐದು ವರ್ಷ ಯಾರೂ ಉಸಿರಾಡದ ಗಾಳಿ ಮೇಲಕ್ಕೆ ಬಂತು: ಹುಳಿ ಹಿಟ್ಟು, ಹಳೆಯ ಹುಲ್ಲು, ಮುಚ್ಚಿಟ್ಟ ಪೆಟ್ಟಿಗೆ ಎಲ್ಲ ಸೇರಿದಂಥ ವಾಸನೆ. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಹೋದರು. ಬಾಳಾಸಾಹೇಬರು ಕಂದೀಲು ಹೊತ್ತಿಸಿ ಹಗ್ಗ ಕಟ್ಟಿ ಇಳಿಬಿಟ್ಟರು. ಒಂದು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಗಿ, ನೀಲಿಯಾಗಿ, ಆರಿತು.

"ಗಾಳಿ ಬೀಸಿರಬೇಕು," ಎಂದರು ಮೋನಪ್ಪನವರು.

"ಗಾಳಿ ಇಲ್ಲದ್ದಕ್ಕ ಆರಿದ್ದರಿ."

ಮೋನಪ್ಪನವರು ಹಗೇವಿನ ಬಾಯಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಹಾಗಾದರೆ ಅಧ್ಯಕ್ಷೀಯ ಭಾಷಣ ಮೊದಲು ಮುಗಿಸುವ," ಎಂದರು.

"ಮುಗಿಸಿ ಅಧ್ಯಕ್ಷರೇ," ಎಂದರು ಕಾಸಿಂ ಕುಂಞಿ. "ಆಮೇಲೆ ಕಂದೀಲನ್ನು ನಿಮ್ಮ ಹತ್ತಿರ ಹಿಡಿದು ನೋಡುವ, ಆರ್ತದಾ ಅಂತ."

ಹಗೇವು ತೆರೆದರೆ ಕಾಯಬೇಕು, ಅದು ಪದ್ಧತಿ. ಊರಿನಲ್ಲಾದರೆ ಒಂದು ಹಗಲು ಒಂದು ರಾತ್ರಿ ಬಿಡುತ್ತಿದ್ದರು. ಇಲ್ಲಿ ಬೆಳಗಾದರೆ ಜೆಸಿಬಿ. ಬಾಳಾಸಾಹೇಬರು ಖರ್ಜೂರದ ಗರಿಗಳನ್ನು ದೊಡ್ಡ ಹೊರೆ ಕಟ್ಟಿ, ಹಗ್ಗದಲ್ಲಿ ಒಳಗಿಳಿಸಿ, ಮಜ್ಜಿಗೆ ಕಡೆದಂತೆ ಕೆಟ್ಟ ಗಾಳಿಯನ್ನು ಕಡೆಯತೊಡಗಿದರು. ಇಳಿಸುವುದು, ಎತ್ತುವುದು. ಸರ್ ಸರ್ ಎಂದು ಅದೊಂದೇ ಸದ್ದು. ಭಾಷಣ ಮುಗಿದು, ಉಪ್ಪಿಟ್ಟೂ ಮುಗಿದು, ಚಳಿಗಾಲದ ಎಳೆಬಿಸಿಲಿಗೆ ಒಬ್ಬೊಬ್ಬರಾಗಿ ಮರದ ಬುಡದಲ್ಲಿ ಒರಗಿದರು. ಮೋನಪ್ಪನವರು ಸೂಟು ಕಳಚಿ ತಲೆದಿಂಬು ಮಾಡಿಕೊಂಡರು. ಮರಳು ಹೊಳೆಯಾದಂತೆ ಮಿನುಗುತ್ತಿತ್ತು. ನನಗೆ ಅರೆನಿದ್ದೆಯಲ್ಲಿ, ನಾವೆಲ್ಲ ಒಂದು ದೊಡ್ಡ ನೆಲಮನೆಯೊಳಗೆ ಇಳಿದಿದ್ದೇವೆ, ಮೇಲೆ ಎಲ್ಲೋ ಊರುಗಳು ನಡೆಯುತ್ತಿವೆ, ಯಾರೋ ಮುದುಕಿ ಬೀಸಣಿಗೆ ಬೀಸುತ್ತಿದ್ದಾಳೆ ಎನ್ನಿಸಿತು. ಎಚ್ಚರವಾದಾಗ ಎರಡು ಗಂಟೆ. ಕಂದೀಲು ಎರಡನೆಯ ಸಲ ಇಳಿದು, ಅರ್ಧದಲ್ಲಿ ಆರಿತ್ತು.

ಬಾಳಾಸಾಹೇಬರ ಅಂಗಿ ಬೆನ್ನಿಗೆ ಅಂಟಿತ್ತು. ಯಾರಿಗೂ ಗರಿಯ ಹಗ್ಗ ಕೊಡಲಿಲ್ಲ. ಒಮ್ಮೆ ಮಾತ್ರ ನನ್ನ ಕಡೆ ನೋಡಿ, "ಅವ್ವ ಮುಂಜಾನಿಂದ ಫೋನಿನ ಮುಂದ ಕುಂತಿರತಾಳ್ರಿ," ಎಂದರು.

ಮೂರೂವರೆಗೆ ಮೂರನೆಯ ಸಲ ಇಳಿಸಿದ ಕಂದೀಲು ಕಾಳಿನ ಮಟ್ಟ ಮುಟ್ಟಿಯೂ ಉರಿಯಿತು. ಮೇಲಿನಿಂದ ನೋಡಿದರೆ ನೆಲದೊಳಗೆ ಒಂದು ಸಣ್ಣ ಹಳದಿ ಹುಣ್ಣಿಮೆ. ಮೋನಪ್ಪನವರು ಎದ್ದು ಕೂತು, ತಮಗೆ ಮಂಡಿನೋವಿದೆ, ಬಾಳಾಸಾಹೇಬರೇ ಇಳಿಯಲಿ ಎಂದು ದೊಡ್ಡ ಮನಸ್ಸು ಮಾಡಿದರು.

ಸೊಂಟಕ್ಕೆ ಹಗ್ಗ. ಎರಡು ಸಲ ಜಗ್ಗಿದರೆ ಎಳೆಯಬೇಕು. ಆ ತುದಿಯನ್ನು ಕಾಸಿಂ ಕುಂಞಿ ಮೂವರ ಜೊತೆ ಮರಕ್ಕೆ ಒರಗಿ ಹಿಡಿದರು. ಬಾಳಾಸಾಹೇಬರು ಚಪ್ಪಡಿಗೆ ಕೈಮುಟ್ಟಿ ಹಣೆಗೊತ್ತಿಕೊಂಡು ಇಳಿದರು. ನಾನು ಬಾಯಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ತಲೆ, ಆಮೇಲೆ ತಲೆಯ ಮೇಲಿನ ಟವೆಲು, ಆಮೇಲೆ ಬರೀ ಕತ್ತಲೆ. ಒಳಗೆ ಕಾಳು ಸರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಒಂದು ನಿಮಿಷ, ಎರಡು ನಿಮಿಷ. ಅಪ್ಪ ಇಳಿದ ಜಾಗಕ್ಕೆ ಮಗ ಇಳಿದಿದ್ದಾನೆ, ಮುಳುಗಿದ ಊರಿನ ಜೊತೆ ಮಾತಾಡುತ್ತಿದ್ದಾನೆ, ಈ ಮೌನವನ್ನು ನಾವು ಮುರಿಯಬಾರದು ಎಂದುಕೊಂಡು ನಾನು ನಿಂತಲ್ಲಿಂದ ಕದಲಲಿಲ್ಲ.

"ಹಗ್ಗ ಅಲ್ಲಾಡುದೇ ಇಲ್ಲ," ಎಂದರು ಕಾಸಿಂ ಕುಂಞಿ. ಅವರ ಧ್ವನಿ ಬದಲಾಗಿತ್ತು. "ಬಾಳಾಸಾಹೇಬ್ರೆ, ಓ ಬಾಳಾಸಾಹೇಬ್ರೆ."

ಒಳಗಿಂದ ಒಂದು ಕೆಮ್ಮು. ನಾನು ಕಣ್ಣೊರೆಸಿಕೊಳ್ಳಲು ಪಕ್ಕಕ್ಕೆ ಸರಿದೆ. ಅದೇ ಕ್ಷಣ ಹಗ್ಗ ಎರಡು ಸಲ ಜೋರಾಗಿ ಜಗ್ಗಿತು. ಎಳೆದರು. ಬಾಳಾಸಾಹೇಬರು ಕೆಂಪು ಮುಖ ಹೊತ್ತು, ಎದೆಗೆ ಗಡಿಗೆ ಅವಚಿಕೊಂಡು ಮೇಲೆ ಬಂದರು. ಐದು ನಿಮಿಷ ಮರಳಿನ ಮೇಲೆ ಅಂಗಾತ ಮಲಗಿ ಉಸಿರು ತೆಗೆದುಕೊಂಡರು. ಆಮೇಲೆ ಮತ್ತೆ ಇಳಿದು, ಸೂರ್ಯ ಮುಳುಗುವುದರೊಳಗೆ ಎಂಟು ಚೀಲ ಕಾಳು ಎತ್ತಿಸಿದರು. ಗೋಡೆಗೆ ತಾಗಿದ್ದು ಕಪ್ಪಾಗಿತ್ತು, ಬಿಟ್ಟರು. ನಡುವಿನದು ಮುತ್ತಿನಂತಿತ್ತು. ಮೋನಪ್ಪನವರ ಬೊಗಸೆಯ ಫೋಟೋ ಚೆನ್ನಾಗಿ ಬಂತು.

ಶನಿವಾರ ಜೆಸಿಬಿಯವನು ಮುಕ್ಕಾಲು ಕೆಲಸ ಆಗಲೇ ಆಗಿದೆಯಲ್ಲ ಎಂದು ಸಂತೋಷಪಟ್ಟನಂತೆ. ಬಾಳಾಸಾಹೇಬರು ನೋಡಲು ಹೋಗಲಿಲ್ಲ, ಅವರಿಗೆ ಡ್ಯೂಟಿ. ತಮ್ಮ ಕೋಣೆಯಲ್ಲಿ ಒದ್ದೆ ಗೋಣಿತಟ್ಟಿನ ಮೇಲೆ ಗಡಿಗೆಯ ನೂರು ಕಾಳು ಎಣಿಸಿ ಇಟ್ಟು ಬಂದಿದ್ದರು. ಐದನೆಯ ದಿನ ಸಂಜೆ ನನ್ನನ್ನೂ ಕರೆದರು. ಮಂಡಿಯೂರಿ, ಒಂದೊಂದಕ್ಕೂ ಬೆರಳಿಟ್ಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಫೋನು ಹಚ್ಚಿದರು. ನಿಂಗವ್ವ ಬರಿಯ ಗಂಟಲಿನಿಂದಲೇ ಕಡಲು ದಾಟಿಸುವವಳಂತೆ ಮಾತಾಡುತ್ತಾಳೆ, ಕೋಣೆಗೆಲ್ಲ ಕೇಳಿಸಿತು.

"ನೂರಕ್ಕ ನಲವತ್ತೊಂದ ಬಂದಾವ ಬೇ."

"ಉಳದದ್ದಕ್ಕ ಏನಾಗೇತಿ?"

"ಸತ್ತಾವ."

"ಸತ್ತದ್ದ ರೊಟ್ಟಿಗೆ ಆಕ್ಕಾವ. ಇದ್ದದ್ದ ತಗೊಂಡ ಬಾ," ಎಂದು ಆಕೆ ಫೋನಿಟ್ಟಳು. ಬಾಳಾಸಾಹೇಬರು ಗೋಣಿತಟ್ಟಿಗೆ ಮತ್ತಷ್ಟು ನೀರು ಚಿಮುಕಿಸಿದರು. ಬಿಳಿಯ ಎಳೆ ಮೊಳಕೆಗಳೆಲ್ಲ ಕಿಟಕಿಯ ಕಡೆಗೆ ಬಾಗಿದ್ದವು.

ಅವರು ಗಡಿಗೆ ಸಮೇತ ರಜೆಗೆ ಹೊರಡುವ ಮುನ್ನ ಸಂಘ ಸನ್ಮಾನ ಇಟ್ಟುಕೊಂಡಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕು ನನ್ನ ಕೈಯಲ್ಲಿತ್ತು, ಅಂದು ಕೆಟ್ಟಿರಲೂ ಇಲ್ಲ. ನಾನು ಎರಡು ದಿನದಿಂದ ಮನಸ್ಸಿನಲ್ಲೇ ತಿದ್ದಿಕೊಂಡಿದ್ದ ಪ್ರಶ್ನೆ ಕೇಳಿದೆ.

"ಬಾಳಾಸಾಹೇಬರೇ, ಭೂತಾಯಿಯ ಆ ಕತ್ತಲ ಗರ್ಭದಲ್ಲಿ, ಮುಳುಗಿಹೋದ ಊರಿನ ಹಿರಿಯರ ಮೌನದ ನಡುವೆ, ಅಷ್ಟು ಹೊತ್ತು ಒಬ್ಬರೇ ನಿಂತಿದ್ದಾಗ ತಮ್ಮ ಅಂತರಂಗಕ್ಕೆ ಏನನ್ನಿಸಿತು?"

ಅವರು ಹಾರ ಸರಿಮಾಡಿಕೊಂಡು ಮೈಕಿಗೆ ಬಾಯಿ ಹಚ್ಚಿದರು.

"ನೀವು ಹಗ್ಗದ ಮ್ಯಾಲಿಂದ ಕಾಲ ತಗೀಬೇಕ ಅನಿಸ್ತರಿ."